ಜೊಲ್ಲೋಫ್: ಅಡುಗೆ ಯಾರದ್ದು, ಅಕ್ಕಿ ಯಾರದ್ದು?

2017ರಲ್ಲಿ ನೈಜೀರಿಯಾದ ಮಾಹಿತಿ ಮತ್ತು ಸಂಸ್ಕೃತಿ ಸಚಿವರಾಗಿದ್ದ ಲಾಯ್ ಮೊಹಮ್ಮದ್ ಅವರಿಗೆ ಸಿಎನ್‌ಎನ್‌ನ ರಿಚರ್ಡ್ ಕ್ವೆಸ್ಟ್ ಕ್ಯಾಮೆರಾ ಮುಂದೆ ಒಂದು ಸಣ್ಣ ಪ್ರಶ್ನೆ ಹಾಕಿದರು. ಯಾವ ದೇಶದ ಜೊಲ್ಲೋಫ್ ರೈಸ್ ಎಲ್ಲಕ್ಕಿಂತ ಚೆನ್ನಾಗಿರುತ್ತೆ? ಸಚಿವರು 'ಸೆನೆಗಲ್' ಅಂದುಬಿಟ್ಟರು. ಅಷ್ಟೇ ಸಾಕಾಯ್ತು. ಭ್ರಷ್ಟಾಚಾರಕ್ಕೆ, ಕರೆಂಟ್ ಕಟ್‌ಗೆ ಬೈಯುವಷ್ಟೇ ಜೋರಾಗಿ ನೈಜೀರಿಯಾದ ಜನ ಟ್ವಿಟರ್‌ನಲ್ಲಿ ತಮ್ಮ ಮಂತ್ರಿಯನ್ನು ಬೈದರು. ಘಾನಾದವರು ಪಕ್ಕದಲ್ಲಿ ನಿಂತು ನಕ್ಕರು. ಪ್ರಶ್ನೆ ಜೊಲ್ಲೋಫ್ ಹುಟ್ಟಿದ್ದೆಲ್ಲಿ ಅಂತ ಇತ್ತು ಅಂದುಕೊಂಡೆ, ಅದಕ್ಕೇ ಹಾಗೆ ಹೇಳಿದೆ ಅಂತ ಸಚಿವರು ಆಮೇಲೆ ಸಮಜಾಯಿಷಿ ಕೊಡಬೇಕಾಯಿತು.

ಒಂದು ಅನ್ನಕ್ಕೆ ಇಷ್ಟೆಲ್ಲ ಯಾಕೆ ಅಂತ ಕೇಳ್ತೀರಾ? ಊಟದ ವಿಷಯಕ್ಕೆ ಊರೂರು ಜಗಳ ಆಡುವ ನಮಗೆ ಈ ಪ್ರಶ್ನೆ ಕೇಳುವ ಹಕ್ಕು ಸ್ವಲ್ಪ ಕಮ್ಮಿಯೇ. ಆದರೂ ಗೊತ್ತಿಲ್ಲದವರಿಗೆ ಪರಿಚಯ ಮಾಡಿಕೊಡುತ್ತೇನೆ. ಜೊಲ್ಲೋಫ್ ಅಂದರೆ ಟೊಮ್ಯಾಟೊ, ಈರುಳ್ಳಿ, ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಮಾಂಸದ ಅಥವಾ ಮೀನಿನ ರಸ ಹಾಕಿ, ಅದರಲ್ಲೇ ಅಕ್ಕಿ ಬೇಯಿಸಿ ಮಾಡುವ ಕೆಂಪು ಅನ್ನ. ನೋಡೋಕೆ ನಮ್ಮ ಟೊಮ್ಯಾಟೊ ಬಾತ್ ಥರ ಕಾಣುತ್ತೆ. ಸೆನೆಗಲ್‌ನಿಂದ ಕ್ಯಾಮರೂನ್‌ವರೆಗೆ, ಪಶ್ಚಿಮ ಆಫ್ರಿಕಾದ ಕರಾವಳಿ ಉದ್ದಕ್ಕೂ, ಮದುವೆ, ನಾಮಕರಣ, ಸಾವಿನ ಊಟ, ಭಾನುವಾರ ಮಧ್ಯಾಹ್ನ ಎಲ್ಲಕ್ಕೂ ಇದೇ.

ಇದರ ಸುತ್ತ ನಡೆಯೋ ಜಗಳಕ್ಕೆ 'ಜೊಲ್ಲೋಫ್ ವಾರ್ಸ್' ಅಂತಲೇ ಹೆಸರಿದೆ. 2014ರಲ್ಲಿ ಬ್ರಿಟಿಷ್ ಬಾಣಸಿಗ ಜೇಮಿ ಆಲಿವರ್ ತನ್ನದೇ ಒಂದು ಜೊಲ್ಲೋಫ್ ರೆಸಿಪಿ ಹಾಕಿದಾಗ ಅಷ್ಟೂ ದೇಶದವರು ಜಗಳ ಮರೆತು ಒಂದಾಗಿ ಅವನ ಮೇಲೆ ಬಿದ್ದರು. ಆಗಸ್ಟ್ 22 ಅನ್ನು ಅಭಿಮಾನಿಗಳು ವಿಶ್ವ ಜೊಲ್ಲೋಫ್ ದಿನ ಅಂತ ಆಚರಿಸುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಹಿಲ್ಡಾ ಬಾಚಿ ಅನ್ನೋ ಬಾಣಸಿಗೆ ಲಾಗೋಸ್‌ನಲ್ಲಿ ಒಂದೇ ಪಾತ್ರೆಯಲ್ಲಿ 8,780 ಕಿಲೋ ಜೊಲ್ಲೋಫ್ ಬೇಯಿಸಿ ಗಿನ್ನೆಸ್ ದಾಖಲೆ ಬರೆದರು.

ಈ ಜಗಳದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಯಾರ ಕೈ ಅಡುಗೆ ಚೆನ್ನ? ನನಗೆ ಅದಕ್ಕಿಂತ ಕುತೂಹಲ ಇರೋದು ಇನ್ನೊಂದು ಪ್ರಶ್ನೆಯ ಬಗ್ಗೆ. ಆ ಪಾತ್ರೆಗೆ ಅಕ್ಕಿ ಎಲ್ಲಿಂದ ಬಂತು? ಯಾಕಂದ್ರೆ ಜೊಲ್ಲೋಫ್‌ನ ನಿಜವಾದ ಚರಿತ್ರೆ ಇರೋದು ಆ ಅಕ್ಕಿಯ ಮೂಟೆಯಲ್ಲಿ. ಆ ಮೂಟೆಯ ಮೇಲೆ ಇವತ್ತು ಯಾವ ದೇಶದ ಹೆಸರಿದೆ ಅನ್ನೋದು ಗೊತ್ತಾದರೆ ನಮಗೂ ಸ್ವಲ್ಪ ಕಸಿವಿಸಿ ಆಗಬಹುದು.

ಹೆಸರಿನಿಂದಲೇ ಶುರು ಮಾಡೋಣ. ಜೊಲ್ಲೋಫ್ ಅನ್ನೋ ಪದ ಬಂದಿದ್ದು ಜೊಲೋಫ್ ಸಾಮ್ರಾಜ್ಯದಿಂದ, ಅಲ್ಲಿನ ವೊಲೊಫ್ ಜನರಿಂದ. ಇವತ್ತಿನ ಸೆನೆಗಲ್‌ನ ನೆಲದಲ್ಲಿ 14ನೇ ಶತಮಾನದಿಂದ 16ನೇ ಶತಮಾನದ ಮಧ್ಯದವರೆಗೆ ಆ ಸಾಮ್ರಾಜ್ಯ ಇತ್ತು. 1549ರಲ್ಲಿ ಕರಾವಳಿಯ ಕಯೋರ್ ಸಂಸ್ಥಾನ ಯುದ್ಧ ಗೆದ್ದು ಬೇರೆಯಾದ ಮೇಲೆ ಸಾಮ್ರಾಜ್ಯ ಚೂರಾಯಿತು. ತಮಾಷೆ ಏನಪ್ಪಾ ಅಂದ್ರೆ, ಈ ಜೊಲೋಫ್ ರಾಜರು ಜೊಲ್ಲೋಫ್ ತಿಂದಿರೋಕೆ ಸಾಧ್ಯವೇ ಇಲ್ಲ. ಕೆಂಪು ಬಣ್ಣ ಕೊಡುವ ಟೊಮ್ಯಾಟೊ, ಖಾರ ಕೊಡುವ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. ಯೂರೋಪಿನ ಹಡಗುಗಳು ಅಟ್ಲಾಂಟಿಕ್ ದಾಟಿದ ಮೇಲೆ ಬಂದಂಥವು. ಅದೂ ಅಲ್ಲದೆ ಜೊಲೋಫ್ ಸೀಮೆ ಒಣಭೂಮಿ. ಅಲ್ಲಿನ ದಿನದ ಊಟ ಸಜ್ಜೆ ಮತ್ತು ಜೋಳ. ಸಜ್ಜೆಯನ್ನು ಕುಟ್ಟಿ, ಹಿಟ್ಟನ್ನು ಸಣ್ಣ ಕಾಳಿನ ಹಾಗೆ ಉರುಳಿಸಿ, ಹಬೆಯಲ್ಲಿ ಬೇಯಿಸಿ ತಿನ್ನುತ್ತಿದ್ದರು. ಇವತ್ತಿಗೂ ಸೆನೆಗಲ್‌ನ ಹಳ್ಳಿಗಳಲ್ಲಿ ಅದನ್ನು ಮಾಡುತ್ತಾರೆ.

ಹಾಗಂತ ಪಶ್ಚಿಮ ಆಫ್ರಿಕಾಕ್ಕೆ ಅಕ್ಕಿ ಹೊಸದಲ್ಲ. ಏಷ್ಯಾದ ಅಕ್ಕಿಯ ಸಂಬಂಧವೇ ಇಲ್ಲದೆ, ಇವತ್ತಿನ ಮಾಲಿ ದೇಶದಲ್ಲಿ ನೈಜರ್ ನದಿ ಹರಡಿಕೊಳ್ಳುವ ಜೌಗು ನೆಲದಲ್ಲಿ ಸುಮಾರು 3,000 ವರ್ಷಗಳ ಹಿಂದೆಯೇ ರೈತರು ಬೇರೆಯದೇ ಜಾತಿಯ ಭತ್ತವನ್ನು ಪಳಗಿಸಿದ್ದರು. ಅದರ ಹೆಸರು ಒರೈಜಾ ಗ್ಲಾಬೆರಿಮಾ, ಅಂದರೆ ಆಫ್ರಿಕನ್ ಅಕ್ಕಿ. ಸೆನೆಗಲ್‌ನ ದಕ್ಷಿಣದ ಕಾಸಮಾನ್ಸ್ ಸೀಮೆಯ ಜೋಲಾ ರೈತರು ಉಪ್ಪುನೀರು ನುಗ್ಗುವ ಜಾಗಕ್ಕೆ ಒಡ್ಡು ಕಟ್ಟಿ, ಮಳೆನೀರಲ್ಲಿ ಉಪ್ಪು ತೊಳೆದು ಭತ್ತ ಬೆಳೆಯುವುದರಲ್ಲಿ ನಿಪುಣರು. ಕಾರವಾರ, ಅಂಕೋಲಾ ಕಡೆಯ ಕಗ್ಗ ಭತ್ತದ ಗಜನಿ ಗದ್ದೆ ನೋಡಿದವರಿಗೆ ಈ ಕೆಲಸ ಎಷ್ಟು ಕಷ್ಟದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಕೆಲಸಗಾರಿಕೆಗೆ ಬೆಲೆ ಕಟ್ಟಿದವರು ಗುಲಾಮರ ವ್ಯಾಪಾರಿಗಳು. ಅಮೆರಿಕದ ಸೌತ್ ಕೆರೊಲಿನಾದ ತೋಟದ ಮಾಲೀಕರು 18ನೇ ಶತಮಾನದಲ್ಲಿ ಭತ್ತ ಬೆಳೆದು ಶ್ರೀಮಂತರಾದರು. ಗದ್ದೆಯಲ್ಲಿ ಕೆಸರು ತುಳಿದವರು ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಬರೀ ಅವರ ದುಡಿಮೆಯಲ್ಲ, ಅವರ ಭತ್ತದ ಜ್ಞಾನವೇ ಅಲ್ಲಿನ ಕೃಷಿಯನ್ನು ಕಟ್ಟಿತು ಅಂತ ಭೂಗೋಳ ವಿದ್ವಾಂಸೆ ಜುಡಿತ್ ಕಾರ್ನಿ 2001ರ 'ಬ್ಲ್ಯಾಕ್ ರೈಸ್' ಪುಸ್ತಕದಲ್ಲಿ ವಾದಿಸಿದರು. ಎಷ್ಟರ ಮಟ್ಟಿಗೆ ಅನ್ನೋದರ ಬಗ್ಗೆ ಚರಿತ್ರಕಾರರಲ್ಲಿ ಇನ್ನೂ ಚರ್ಚೆ ಇದೆ. ಆದರೆ ಚಾರ್ಲ್ಸ್‌ಟನ್ ಊರಿನ ಪ್ರಸಿದ್ಧ ರೆಡ್ ರೈಸ್ ಅನ್ನು ಜೊಲ್ಲೋಫ್ ಪಕ್ಕ ಇಟ್ಟು ನೋಡಿದವರಿಗೆ ನೆಂಟಸ್ತಿಕೆ ಕಾಣದೇ ಇರೋದಿಲ್ಲ.

ಸರಿ, ಸಜ್ಜೆ ತಿನ್ನುತ್ತಿದ್ದ ಸೀಮೆಗೆ ಅಕ್ಕಿ ದಿನದ ಊಟ ಆಗಿದ್ದು ಹೇಗೆ? ಇಲ್ಲಿ ಕಥೆಗೆ ಕಡಲೆಕಾಯಿ ಬರುತ್ತೆ.

19ನೇ ಶತಮಾನದಲ್ಲಿ ಗುಲಾಮರ ವ್ಯಾಪಾರ ಇಳಿಮುಖವಾದಾಗ ಸೆನೆಗಲ್‌ನ ಫ್ರೆಂಚ್ ವ್ಯಾಪಾರಿಗಳಿಗೆ ಬೇರೆ ಸರಕು ಬೇಕಿತ್ತು. ಅದೇ ಹೊತ್ತಿಗೆ ಮಾರ್ಸೇ ನಗರದ ಸೋಪು ಕಾರ್ಖಾನೆಗಳಿಗೆ ಎಣ್ಣೆ ಬೇಕಿತ್ತು. ಸೆನೆಗಲ್‌ನ ಮರಳು ಮಿಶ್ರಿತ ನೆಲದಲ್ಲಿ ಕಡಲೆಕಾಯಿ ಚೆನ್ನಾಗಿ ಬರುತ್ತಿತ್ತು. 1840ರ ದಶಕದಿಂದ ರಫ್ತು ಏರುತ್ತಾ ಹೋಯಿತು. ಒಳನಾಡಿನಿಂದ ಬಂದರಿಗೆ ಕಡಲೆಕಾಯಿ ಸಾಗಿಸೋಕೆ ಫ್ರೆಂಚರು ಡಾಕಾರ್‌ನಿಂದ ಸೇಂಟ್ ಲೂಯಿಗೆ ರೈಲು ಹಾಕಿದರು. ಹಳಿ ಹಾದುಹೋದದ್ದು ಕಯೋರ್ ಸಂಸ್ಥಾನದ ಎದೆಯ ಮೇಲೆ. ಆ ರೈಲು ಬಂದರೆ ತನ್ನ ರಾಜ್ಯ ಉಳಿಯೋದಿಲ್ಲ ಅಂತ ಅಲ್ಲಿನ ದೊರೆ ಲಾಟ್ ಜೋರ್‌ಗೆ ಗೊತ್ತಿತ್ತು. ಅವನು ಕೊನೆವರೆಗೂ ವಿರೋಧಿಸಿದ. 1885ರಲ್ಲಿ ರೈಲು ಓಡಿತು. 1886ರಲ್ಲಿ ಲಾಟ್ ಜೋರ್ ಫ್ರೆಂಚರ ವಿರುದ್ಧದ ಯುದ್ಧದಲ್ಲಿ ಸತ್ತ. ಇವತ್ತು ಅವನು ಸೆನೆಗಲ್‌ನ ರಾಷ್ಟ್ರೀಯ ವೀರ.

ಹೊಲದಲ್ಲಿ ಕಡಲೆಕಾಯಿ ಬಂದಷ್ಟೂ ಸಜ್ಜೆ, ಜೋಳಕ್ಕೆ ಜಾಗ ಕಮ್ಮಿ ಆಯಿತು. ಎಣ್ಣೆಕಾಳು ಬೆಳೆದವನಿಗೂ ಹೊಟ್ಟೆಗೆ ಏನಾದರೂ ಬೇಕಲ್ಲ? ಫ್ರೆಂಚರ ಹತ್ತಿರ ಅದಕ್ಕೂ ಉತ್ತರ ಇತ್ತು. 1859ರಲ್ಲಿ ಅವರು ಸೈಗಾನ್ ಹಿಡಿದಿದ್ದರು. ಮುಂದಿನ ವರ್ಷಗಳಲ್ಲಿ ಮೆಕಾಂಗ್ ನದಿಯ ಮುಖಜಭೂಮಿ ಪೂರ್ತಿ ಅವರ ಕೈಗೆ ಬಂತು. ಅಲ್ಲಿನ ಮಿಲ್‌ಗಳಲ್ಲಿ ಅಕ್ಕಿ ಮಾಡುವಾಗ ಸಾಕಷ್ಟು ಕಾಳು ಒಡೆದು ನುಚ್ಚಾಗುತ್ತದೆ. ಇಡೀ ಅಕ್ಕಿಗೆ ಒಳ್ಳೆಯ ಬೆಲೆ. ನುಚ್ಚಕ್ಕಿಯನ್ನು ಕೇಳುವವರಿಲ್ಲ. ಅದನ್ನೇ ಮೂಟೆ ಕಟ್ಟಿ ಸೆನೆಗಲ್‌ಗೆ ತಂದು ಅಗ್ಗಕ್ಕೆ ಮಾರಿದರು. ಕಡಲೆಕಾಯಿ ಒಂದು ಕಡೆಯಿಂದ ಹೊರಗೆ, ವಿಯೆಟ್ನಾಂನ ನುಚ್ಚಕ್ಕಿ ಇನ್ನೊಂದು ಕಡೆಯಿಂದ ಒಳಗೆ. ಒಂದೇ ಸಾಮ್ರಾಜ್ಯದ ಎರಡು ವಸಾಹತುಗಳು, ಒಂದರ ಉಳಿಕೆ ಇನ್ನೊಂದರ ಊಟ.

ಜೊಲ್ಲೋಫ್ ಹೇಗೆ ಹರಡಿತು ಅನ್ನೋದಕ್ಕೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯ ಇವೆ. ಆಫ್ರಿಕಾದ ಅಡುಗೆಯ ಚರಿತ್ರೆ ಬರೆದ ಜೇಮ್ಸ್ ಮೆಕ್‌ಕ್ಯಾನ್, ಮಾಲಿ ಸಾಮ್ರಾಜ್ಯದ ಕಾಲದಿಂದ ಊರೂರು ಸುತ್ತುತ್ತಿದ್ದ ಜೂಲಾ ವರ್ತಕರ ಜೊತೆ ಈ ಅಡುಗೆ ಹಬ್ಬಿರಬಹುದು ಅಂತಾರೆ. ಫ್ರೆಂಚ್ ಕೃಷಿ ತಜ್ಞ ಮಾರ್ಕ್ ದ್ಯುಫುಮಿಯೇ, ಇದು ಅಷ್ಟು ಹಳೆಯದಲ್ಲ, ಕಡಲೆಕಾಯಿ ಬೆಳೆ ಮತ್ತು ಆಮದಾದ ನುಚ್ಚಕ್ಕಿಯ ಫಲ ಅಂತಾರೆ. ಒಂದೇ ಪಾತ್ರೆಯಲ್ಲಿ ಅನ್ನ ಬೇಯಿಸೋ ಪದ್ಧತಿ ಹಳೆಯದೇ ಇದ್ದೀತು. ಆದರೆ ಇವತ್ತು ತಟ್ಟೆಯಲ್ಲಿ ಕಾಣುವ ಕೆಂಪು ಅನ್ನದ ಹಿಂದೆ ಕಡಲೆಕಾಯಿ ಹಡಗುಗಳ ಕಾಲ ಇದೆ ಅನ್ನೋ ಮಾತೇ ನನಗೆ ಹೆಚ್ಚು ಒಪ್ಪಿಗೆ.

ಇಲ್ಲಿಯವರೆಗೆ ಹೇಳಿದ್ದು ವ್ಯಾಪಾರದ ಕಥೆ. ಅಡುಗೆಯ ಕಥೆ ಶುರುವಾಗೋದು ಸೇಂಟ್ ಲೂಯಿಯಲ್ಲಿ. ಸೆನೆಗಲ್ ನದಿ ಸಮುದ್ರ ಸೇರುವ ಜಾಗದ ಒಂದು ದ್ವೀಪದಲ್ಲಿ 1659ರಲ್ಲಿ ಫ್ರೆಂಚರು ಕಟ್ಟಿದ ಊರು ಅದು. ಆ ಊರಲ್ಲಿ ಪೆಂಡಾ ಎಂಬಾಯ್ ಅನ್ನೋ ಅಡುಗೆಯಾಕೆ ಇದ್ದಳಂತೆ. ಅವಳೇ ಮೊದಲು ಮೀನು, ತರಕಾರಿ, ನುಚ್ಚಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಹೀಗೆ ಸೇರಿಸಿದ್ದು ಅಂತ ಸೆನೆಗಲ್ ಜನ ಹೇಳುತ್ತಾರೆ. ಗವರ್ನರನ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದಳು, ಒಂದು ದಿನ ಬೇರೆ ಧಾನ್ಯ ಮುಗಿದುಹೋಗಿ ಅಕ್ಕಿ ಹಾಕಿದಳು ಅಂತ ಒಂದು ಕಥೆ. ಕಥೆಗೆ ಪಾಠಾಂತರಗಳಿವೆ. ಅದೇನೇ ಇರಲಿ, ಒಂದು ರಾಷ್ಟ್ರದ ಅಡುಗೆಗೆ ರಾಜನ ಹೆಸರಲ್ಲ, ಅಡುಗೆಯವಳ ಹೆಸರು ಅಂಟಿಕೊಂಡಿದೆ ಅನ್ನೋದು ದೊಡ್ಡ ಮಾತು. ಈಗಲೂ ಕೆಂಪು ಬಗೆಯ ಅನ್ನಕ್ಕೆ ಅವಳ ಹೆಸರು ಸೇರಿಸಿಯೇ ಕರೆಯುತ್ತಾರೆ.

ಆ ಅಡುಗೆಯ ವೊಲೊಫ್ ಹೆಸರು ಚೇಬು ಜೆನ್. ಚೇಬ್ ಅಂದರೆ ಅನ್ನ, ಜೆನ್ ಅಂದರೆ ಮೀನು. ಮಾಡೋದು ಹೀಗೆ. ದೊಡ್ಡ ಪಾತ್ರೆಯಲ್ಲಿ ಧಾರಾಳವಾಗಿ ಎಣ್ಣೆ ಹಾಕಿ ಈರುಳ್ಳಿ, ಟೊಮ್ಯಾಟೊ ಪೇಸ್ಟ್ ಹುರಿಯುತ್ತಾರೆ. ಪೇಸ್ಟಿನ ಹಸಿ ವಾಸನೆ ಹೋಗಿ ಬಣ್ಣ ಗಾಢವಾಗುವವರೆಗೆ. ದಪ್ಪ ತುಂಡು ಮೀನಿಗೆ ಕತ್ತಿಯಲ್ಲಿ ಗೀರು ಹಾಕಿ, ಪಾರ್ಸ್ಲಿ ಸೊಪ್ಪು, ಬೆಳ್ಳುಳ್ಳಿ, ಮೆಣಸು ಅರೆದ 'ರೋಫ್' ಅನ್ನೋ ಮಸಾಲೆ ತುಂಬುತ್ತಾರೆ. ಜೊತೆಗೆ ಒಣಮೀನು, ಹುಳಿ ಬರಿಸಿದ ಸಮುದ್ರದ ಬಸವನಹುಳು. ವಾಸನೆ ಜೋರು, ಆದರೆ ರುಚಿಯ ಬೇರು ಅಲ್ಲೇ ಇರೋದು. ಆಮೇಲೆ ಮರಗೆಣಸು, ಎಲೆಕೋಸು, ಕ್ಯಾರೆಟ್, ಬದನೆ, ಕುಂಬಳ, ಬೆಂಡೆ ಎಲ್ಲ ದೊಡ್ಡ ದೊಡ್ಡ ಹೋಳು. ಬೆಂದ ಮೀನು, ತರಕಾರಿ ಹೊರಗೆ ತೆಗೆದು, ಆ ರಸದಲ್ಲಿ ನುಚ್ಚಕ್ಕಿ ಬೇಯಿಸುತ್ತಾರೆ. ಕೊನೆಗೆ ತಳ ಹಿಡಿದ ಗರಿಗರಿ ಅನ್ನವನ್ನು ಕೆರೆದು ತೆಗೆದು ಬೇರೆಯಾಗಿ ಬಡಿಸುತ್ತಾರೆ. ಅದಕ್ಕೆ 'ಖೋಞ್' ಅಂತ ಹೆಸರು, ಅದಕ್ಕಾಗಿ ಮನೆಯಲ್ಲಿ ಮಕ್ಕಳ ಜಗಳ.

ಬಡಿಸುವುದು ಒಂದೇ ಅಗಲದ ಬೋಗುಣಿಯಲ್ಲಿ. ಎಲ್ಲರೂ ಸುತ್ತ ಕೂತು ತಂತಮ್ಮ ಮುಂದಿನ ಭಾಗ ಮಾತ್ರ ತಿನ್ನಬೇಕು. ನಡುವಿನ ಮೀನನ್ನು ಮನೆಯ ಹಿರಿಯಾಕೆ ಮುರಿದು ಎಲ್ಲರ ಕಡೆಗೂ ತಳ್ಳುತ್ತಾಳೆ. ಪಕ್ಕದಲ್ಲಿ ನಂಚಿಕೊಳ್ಳೋಕೆ ನಿಂಬೆ, ಹುಣಸೆ, ಬೇಯಿಸಿ ಅರೆದ ಹುಳಿ ಸೊಪ್ಪು. ಆ ಸೊಪ್ಪು ಯಾವುದು ಗೊತ್ತಾ? ನಮ್ಮ ಉತ್ತರ ಕರ್ನಾಟಕದ ಪುಂಡಿ ಪಲ್ಯದ ಪುಂಡಿ. ಹುಣಸೆಗೆ ವೊಲೊಫ್ ಭಾಷೆಯಲ್ಲಿ 'ದಖಾರ್' ಅನ್ನುತ್ತಾರೆ. ಡಾಕಾರ್ ನಗರಕ್ಕೆ ಆ ಹೆಸರು ಬಂದಿದ್ದೇ ಹುಣಸೆಯಿಂದ ಅನ್ನೋದು ಜನಪ್ರಿಯ ಕಥೆ.

ಈಗ ಒಂದು ವಿಷಯ ಗಮನಿಸಿ. ನುಚ್ಚಕ್ಕಿ ಬಂದಿದ್ದು ಬೇಡದ ಮಾಲಾಗಿ. ಸೆನೆಗಲ್‌ನ ಹೆಂಗಸರು ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಇಡೀ ಅಕ್ಕಿಗಿಂತ ನುಚ್ಚು ರಸ ಹೀರುವುದು ಜಾಸ್ತಿ, ಮೀನಿನ ಸಾರವೆಲ್ಲ ಕಾಳೊಳಗೆ ಇಳಿಯುತ್ತದೆ ಅಂತ ಕಂಡುಕೊಂಡರು. ಮುಂದೆ ಎಷ್ಟರ ಮಟ್ಟಿಗೆ ಅಂದರೆ, ಚೇಬು ಜೆನ್‌ಗೆ ಇಡೀ ಅಕ್ಕಿ ಕೊಟ್ಟರೂ ಬೇಡ, ನುಚ್ಚೇ ಬೇಕು ಅನ್ನೋ ಸ್ಥಿತಿ. ಬೇರೆಯವರು ಬಿಸಾಕಿದ್ದನ್ನೇ ತಮ್ಮ ರುಚಿಯ ಅಳತೆಗೋಲು ಮಾಡಿಕೊಂಡರು. 2021ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಚೇಬು ಜೆನ್ ಅನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಸಲ್ಲಬೇಕಾದ್ದು ಆ ಹೆಂಗಸರ ಕೈಗೆ.

ಸೆನೆಗಲ್‌ನಿಂದ ಆಚೆ ಹೋದ ಹಾಗೆ ಅದೇ ಅನ್ನ ವೇಷ ಬದಲಿಸುತ್ತೆ. ಸೆನೆಗಲ್ ಹೊಟ್ಟೆಯೊಳಗೇ ಇರುವ ಪುಟ್ಟ ದೇಶ ಗ್ಯಾಂಬಿಯಾದಲ್ಲಿ ಇದರ ಹೆಸರು ಬೆನಚಿನ್. ಅದೂ ವೊಲೊಫ್ ಪದವೇ, ಅರ್ಥ 'ಒಂದೇ ಪಾತ್ರೆ'. ಮಾಲಿಯಲ್ಲಿ ಝಾಮೆ. ಐವರಿ ಕೋಸ್ಟ್, ಬುರ್ಕಿನಾ ಫಾಸೊ ಮೊದಲಾದ ಫ್ರೆಂಚ್ ಮಾತಾಡುವ ದೇಶಗಳಲ್ಲಿ 'ರೀ ಗ್ರಾ', ಅಂದರೆ ಜಿಡ್ಡಿನ ಅನ್ನ. ಸಮುದ್ರ ದೂರವಾದ ಹಾಗೆ ಮೀನು ಹೋಗಿ ಮಾಂಸ ಬರುತ್ತೆ.

ಬುರ್ಕಿನಾ ಫಾಸೊ ಅಂದಾಗ ಅದರ ಅಧ್ಯಕ್ಷನಾಗಿದ್ದ ತಾಮಸ್ ಸಂಕಾರಾ ನೆನಪಾಗದೇ ಇರೋದಿಲ್ಲ. 1983ರಿಂದ 1987ರಲ್ಲಿ ಕೊಲೆಯಾಗುವವರೆಗೆ ಆಳಿದ ಈ ಯುವ ಸೇನಾಧಿಕಾರಿ, ಸಾಮ್ರಾಜ್ಯಶಾಹಿ ಎಲ್ಲಿದೆ ಅಂತ ಹುಡುಕುವವರು ತಮ್ಮ ತಟ್ಟೆಯನ್ನೇ ನೋಡಿಕೊಳ್ಳಲಿ, ಅದರಲ್ಲಿರುವ ಆಮದು ಅಕ್ಕಿಯೇ ಅದು ಅನ್ನೋ ಅರ್ಥದ ಮಾತು ಹೇಳುತ್ತಿದ್ದ. ರೀ ಗ್ರಾ ಇಷ್ಟಪಡುವ ದೇಶದಲ್ಲಿ ಹೀಗೆ ಹೇಳೋಕೆ ಧೈರ್ಯ ಬೇಕು.

ಘಾನಾಕ್ಕೆ ಬನ್ನಿ. ಅಲ್ಲಿ ಜೊಲ್ಲೋಫ್‌ಗೆ ಥಾಯ್ ಜಾತಿಯ ಘಮಘಮ ಅಕ್ಕಿ. ಮೇಕೆ ಅಥವಾ ದನದ ಮಾಂಸ ಬೇಯಿಸಿದ ರಸವನ್ನೇ ಅನ್ನಕ್ಕೆ ಹಾಕುತ್ತಾರೆ. ಪಕ್ಕದಲ್ಲಿ 'ಶಿಟೋ' ಅನ್ನೋ ಕಪ್ಪು ಚಟ್ನಿ: ಒಣ ಮೀನು, ಒಣ ಸೀಗಡಿ, ಮೆಣಸು ಎಲ್ಲ ಎಣ್ಣೆಯಲ್ಲಿ ಹುರಿದದ್ದು.

ನೈಜೀರಿಯಾದಲ್ಲಿ ಮೀನು, ತರಕಾರಿ ಎಲ್ಲ ಬದಿಗೆ ಸರಿದು ಮೆಣಸೇ ರಾಜ. ಟೊಮ್ಯಾಟೊ ಜೊತೆ 'ತತಾಶೆ' ಅನ್ನೋ ಸಪ್ಪೆ ಕೆಂಪು ಮೆಣಸು, 'ರೋದೋ' ಅನ್ನೋ ಬೆಂಕಿಯಂಥ ಮೆಣಸು ಸೇರಿಸಿ ಅರೆದು, ನೀರು ಆರಿ ಎಣ್ಣೆ ಮೇಲೆ ಬರುವವರೆಗೆ ಹುರಿಯುತ್ತಾರೆ. ಒಣ ಥೈಮ್ ಎಲೆ, ಪಲಾವ್ ಎಲೆ, ಜೊತೆಗೆ ಕರಿ ಪೌಡರ್. ಹೌದು, ಬ್ರಿಟಿಷರು ಭಾರತದಲ್ಲಿ ರುಚಿ ಕಂಡು ಡಬ್ಬಿಗೆ ತುಂಬಿಸಿದ ಅದೇ ಪುಡಿ, ಅವರ ಸಾಮ್ರಾಜ್ಯದ ದಾರಿಯಲ್ಲೇ ಲಾಗೋಸ್ ತಲುಪಿತು. ಅಕ್ಕಿ ಮಾತ್ರ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಮಿಲ್ ಮಾಡಿದ್ದೇ ಆಗಬೇಕು. ನಮ್ಮ ಮಂಗಳೂರಿನ ಕುಚ್ಚಲಕ್ಕಿ ಮಾಡುವ ವಿಧಾನವೇ. ಕಾಳು ಮಾತ್ರ ಉದ್ದ, ಬೆಳ್ಳಗೆ. ಈ ಅಕ್ಕಿ ಮುದ್ದೆಯಾಗೋದಿಲ್ಲ, ಮದುವೆಗೆ ನೂರಾರು ಜನಕ್ಕೆ ಬೇಯಿಸಿದರೂ ಉದುರುದುರು. ಸೌದೆ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಮಾಡಿ, ತಳ ಸ್ವಲ್ಪ ಸೀದು ಹೊಗೆವಾಸನೆ ಇಡೀ ಅನ್ನಕ್ಕೆ ಹತ್ತಿದರೆ ಅದು 'ಪಾರ್ಟಿ ಜೊಲ್ಲೋಫ್'. ಗ್ಯಾಸ್ ಮೇಲೆ ಮಾಡಿದ್ದಕ್ಕೆ ಆ ಮರ್ಯಾದೆ ಇಲ್ಲ.

ನೈಜೀರಿಯಾದ ಹಳಬರಿಗೆ ಅಕ್ಕಿ ಹಬ್ಬದ ಊಟ. ಕ್ರಿಸ್‌ಮಸ್‌ಗೆ, ಭಾನುವಾರಕ್ಕೆ, ಮದುವೆಗೆ. 1970ರ ದಶಕದಲ್ಲಿ ತೈಲದ ದುಡ್ಡು ಹರಿದು ಬಂದಾಗ ಆಮದು ಅಕ್ಕಿಯೂ ಹರಿದು ಬಂತು, ದಿನದ ಊಟ ಆಯಿತು. ತೈಲದ ಬೆಲೆ ಬಿದ್ದಾಗ ಆಮದಿಗೆ ಡಾಲರ್ ಇರಲಿಲ್ಲ. 1985ರಿಂದ 1995ರವರೆಗೆ ಅಕ್ಕಿ ಆಮದು ನಿಷೇಧವಾಗಿತ್ತು. ಆದರೂ ಅಕ್ಕಿ ಬರುತ್ತಲೇ ಇತ್ತು, ಗಡಿ ದಾಟಿ ಕಳ್ಳದಾರಿಯಲ್ಲಿ. ಪಕ್ಕದ ಪುಟ್ಟ ದೇಶ ಬೆನಿನ್ ತನ್ನ ಜನ ತಿನ್ನೋದಕ್ಕಿಂತ ಎಷ್ಟೋ ಪಾಲು ಹೆಚ್ಚು ಕುಚ್ಚಲಕ್ಕಿ ತರಿಸುತ್ತೆ. ಉಳಿದದ್ದು ಎಲ್ಲಿ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. 2019ರ ಆಗಸ್ಟ್‌ನಲ್ಲಿ ನೈಜೀರಿಯಾ ಸಿಟ್ಟಿಗೆದ್ದು ಭೂಗಡಿಯನ್ನೇ ಮುಚ್ಚಿತು. ತೆರೆದದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಲಾಗೋಸ್‌ನ ಮಾರುಕಟ್ಟೆಯಲ್ಲಿ ಅಕ್ಕಿ ಮೂಟೆಯ ಬೆಲೆ ಕೈ ಸುಡುತ್ತಿತ್ತು. ಲಾಗೋಸ್‌ನ ಎಸ್‌ಬಿಎಂ ಇಂಟೆಲಿಜೆನ್ಸ್ ಅನ್ನೋ ಸಂಸ್ಥೆ 'ಜೊಲ್ಲೋಫ್ ಇಂಡೆಕ್ಸ್' ಅಂತಲೇ ಒಂದು ಸೂಚ್ಯಂಕ ನಡೆಸುತ್ತೆ. ಒಂದು ಸಂಸಾರಕ್ಕೆ ಒಂದು ಪಾತ್ರೆ ಜೊಲ್ಲೋಫ್ ಮಾಡೋಕೆ ಎಷ್ಟು ಖರ್ಚು ಅನ್ನೋದೇ ಅದರ ಲೆಕ್ಕ. ಹಣದುಬ್ಬರ ಅರ್ಥವಾಗೋಕೆ ಇದಕ್ಕಿಂತ ಸುಲಭದ ದಾರಿ ನನಗಂತೂ ಗೊತ್ತಿಲ್ಲ.

ಈಗ ಮೂಟೆಯ ಮೇಲಿನ ಹೆಸರು ನೋಡೋಣ. ಸೈಗಾನ್ ಹೋಗಿ ಬಹಳ ಕಾಲವಾಯಿತು. 2022ರ ಹೊತ್ತಿಗೆ ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ಶೇ. 40ರಷ್ಟು ಒಂದೇ ದೇಶದ್ದಾಗಿತ್ತು. ಆ ದೇಶ ಭಾರತ. ಬೆನಿನ್‌ಗೆ ಹೋಗುವ ಕುಚ್ಚಲಕ್ಕಿ, ಸೆನೆಗಲ್‌ಗೆ ಹೋಗುವ ನುಚ್ಚಕ್ಕಿ ಎರಡರಲ್ಲೂ ದೊಡ್ಡ ಪಾಲು ನಮ್ಮದು. ಆಂಧ್ರದ ಕಾಕಿನಾಡ ಬಂದರಿನಿಂದ ಹಡಗುಗಳು ಪಶ್ಚಿಮ ಆಫ್ರಿಕಾಕ್ಕೆ ಹೊರಡುತ್ತವೆ. ಡಾಕಾರ್‌ನ ಬೋಗುಣಿಯಲ್ಲಿರೋ ಅನ್ನ ಗೋದಾವರಿ ತೀರದ್ದಾಗಿರೋ ಸಾಧ್ಯತೆ ಚೆನ್ನಾಗಿಯೇ ಇದೆ.

ಹಾಗಾಗಿ ದೆಹಲಿಯಲ್ಲಿ ಒಂದು ಅಧಿಸೂಚನೆ ಹೊರಟರೆ ಡಾಕಾರ್‌ನಲ್ಲಿ ಪಾತ್ರೆ ಅಲ್ಲಾಡುತ್ತೆ. 2008ರಲ್ಲಿ ಅಕ್ಕಿ ಬೆಲೆ ಜಗತ್ತಿನಾದ್ಯಂತ ಏರಿದಾಗ ಭಾರತ ಬಾಸ್ಮತಿ ಅಲ್ಲದ ಅಕ್ಕಿಯ ರಫ್ತು ನಿಲ್ಲಿಸಿತು. ಆ ವರ್ಷ ಸೆನೆಗಲ್ ಸೇರಿದಂತೆ ಹಲವು ದೇಶಗಳಲ್ಲಿ ಜನ ಊಟದ ಬೆಲೆಗಾಗಿ ಬೀದಿಗಿಳಿದರು. 2022ರ ಸೆಪ್ಟೆಂಬರ್‌ನಲ್ಲಿ ಭಾರತ ನುಚ್ಚಕ್ಕಿ ರಫ್ತನ್ನು ನಿಷೇಧಿಸಿತು. ಕಾರಣ ಕೇಳಿದರೆ ನಮಗೆ ಸಮಂಜಸವಾಗಿಯೇ ಕಾಣುತ್ತೆ. ಮಳೆ ಕೈಕೊಟ್ಟಿತ್ತು, ಕೋಳಿ ಆಹಾರಕ್ಕೆ ನುಚ್ಚು ದುಬಾರಿಯಾಗಿತ್ತು, ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡೋಕೂ ನುಚ್ಚು ಬೇಕಿತ್ತು. ನಮ್ಮಲ್ಲಿ ಕೋಳಿಗೆ, ಕಾರಿಗೆ ಹೋಗುವ ನುಚ್ಚಕ್ಕಿ ಸೆನೆಗಲ್‌ನಲ್ಲಿ ಭಾನುವಾರದ ಮೃಷ್ಟಾನ್ನ ಅನ್ನೋದು ಆ ಕಡತದಲ್ಲಿ ಇರೋದಿಲ್ಲ. 2023ರ ಜುಲೈನಲ್ಲಿ ಬೆಳ್ತಿಗೆ ಅಕ್ಕಿಯ ರಫ್ತಿಗೂ ತಡೆ ಬಿತ್ತು. ಕೇಳಿಕೊಂಡ ಕೆಲವು ಸರ್ಕಾರಗಳಿಗೆ ವಿನಾಯಿತಿ ಕೊಟ್ಟರು. ಅಂದರೆ, ಸಂಸಾರದ ಊಟಕ್ಕೆ ಒಂದು ದೇಶ ಇನ್ನೊಂದು ದೇಶಕ್ಕೆ ಅರ್ಜಿ ಹಾಕಬೇಕು. ಬೆಳ್ತಿಗೆ ಅಕ್ಕಿಯ ತಡೆ 2024ರಲ್ಲಿ, ನುಚ್ಚಕ್ಕಿಯದು 2025ರ ಮಾರ್ಚ್‌ನಲ್ಲಿ ತೆರವಾಯಿತು.

ಇದನ್ನು ದೂರದ ಸುದ್ದಿ ಅಂದುಕೊಳ್ಳಬೇಡಿ. ಅದೇ 2023ರ ಮಳೆಗಾಲದಲ್ಲಿ ಕರ್ನಾಟಕ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಹುಡುಕುತ್ತಿತ್ತು. ಕೇಂದ್ರದ ದಾಸ್ತಾನಿನಿಂದ ರಾಜ್ಯಗಳಿಗೆ ಮಾರಾಟ ನಿಂತಿದ್ದರಿಂದ, ಅಕ್ಕಿ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ಖಾತೆಗೆ ದುಡ್ಡು ಹಾಕಬೇಕಾಯಿತು. ಉಗ್ರಾಣದ ಬೀಗದ ಕೈ ಬೇರೆಯವರ ಹತ್ತಿರ ಇದ್ದರೆ ಹೇಗಿರುತ್ತೆ ಅಂತ ನಮಗೂ ಸ್ವಲ್ಪ ಗೊತ್ತು. ದುಡ್ಡಿದ್ದೂ ಅಕ್ಕಿ ಸಿಗದ ಆ ಅನುಭವ ಸೆನೆಗಲ್‌ಗೆ ನೂರೈವತ್ತು ವರ್ಷದ್ದು.

ಹಾಗಾದರೆ ಅವರು ಯಾಕೆ ತಾವೇ ಬೆಳೆದುಕೊಳ್ಳಬಾರದು? ಪ್ರಯತ್ನ ನಡೆದಿದೆ. ಸೆನೆಗಲ್ ನದಿಗೆ 1980ರ ದಶಕದಲ್ಲಿ ಡಿಯಾಮಾ, ಮನಂತಾಲಿ ಅಣೆಕಟ್ಟುಗಳು ಬಂದವು. ಕಣಿವೆಯಲ್ಲಿ ಭತ್ತದ ಗದ್ದೆಗಳು ಎದ್ದವು. 2017ರೊಳಗೆ ಅಕ್ಕಿಯಲ್ಲಿ ಸ್ವಾವಲಂಬಿ ಆಗುತ್ತೇವೆ ಅಂತ ಸರ್ಕಾರ ಗುರಿ ಹಾಕಿಕೊಂಡಿತ್ತು, ಆಗಲಿಲ್ಲ. ನೀರಾವರಿ, ಸಾಲ, ಮಿಲ್ಲು, ಸಾಗಣೆ ಎಲ್ಲ ಸೇರಿಸಿದರೆ ಹಡಗಿನಲ್ಲಿ ಬರುವ ನುಚ್ಚೇ ಅಗ್ಗ. ಅದರ ಮೇಲೆ ನಾಲಿಗೆಯ ಹಠ ಬೇರೆ. ಕಣಿವೆಯ ರೈತ ಒಳ್ಳೆಯ ಇಡೀ ಅಕ್ಕಿ ತಂದರೂ ಪಟ್ಟಣದ ಗೃಹಿಣಿ ನುಚ್ಚು ಇದೆಯಾ ಅಂತ ಕೇಳುತ್ತಾಳೆ. ಅವಳದ್ದು ತಪ್ಪಲ್ಲ. ಅವಳ ಅಜ್ಜಿಯ ಅಜ್ಜಿ ಸಾಮ್ರಾಜ್ಯದ ಕಸದಿಂದ ಕಟ್ಟಿದ ರುಚಿ ಅದು, ಈಗ ಅವಳದ್ದೇ ಆಸ್ತಿ. ಬಿಡು ಅಂತ ಹೇಳೋಕೆ ನಾವ್ಯಾರು?

ನಮ್ಮ ಲೆಕ್ಕದಲ್ಲಿ ಇನ್ನೊಂದು ಬಾಕಿಯೂ ಇದೆ. ರಾಗಿ, ಜೋಳ, ಸಜ್ಜೆ ಮೂರಕ್ಕೂ ತವರು ಆಫ್ರಿಕಾ. ಅದರಲ್ಲೂ ಸಜ್ಜೆಯನ್ನು ಪಳಗಿಸಿದ್ದು ಪಶ್ಚಿಮ ಆಫ್ರಿಕಾದಲ್ಲೇ. ಸಾವಿರಾರು ವರ್ಷಗಳ ಹಿಂದೆ ಈ ಬೀಜಗಳು ಸಮುದ್ರ ದಾಟಿ ಬಂದು ನಮ್ಮ ಬಯಲುಸೀಮೆಯ ಹೊಟ್ಟೆ ತುಂಬಿಸಿದವು, ನಮ್ಮವೇ ಆಗಿಹೋದವು. ರಾಗಿ ಮುದ್ದೆ ಕನ್ನಡಿಗರದ್ದಲ್ಲ ಅಂತ ಯಾರಾದರೂ ಅಂದರೆ ನಾವು ಸುಮ್ಮನಿರ್ತೀವಾ? ಅದೇ ನ್ಯಾಯ ಜೊಲ್ಲೋಫ್‌ಗೂ ಅನ್ವಯಿಸುತ್ತೆ. ಟೊಮ್ಯಾಟೊ ಅಮೆರಿಕದ್ದು, ಅಕ್ಕಿ ಏಷ್ಯಾದ್ದು, ಕರಿ ಪೌಡರ್ ಬ್ರಿಟಿಷರ ಡಬ್ಬಿಯದ್ದು. ಅಡುಗೆ ಮಾತ್ರ ಸೇಂಟ್ ಲೂಯಿಯದ್ದು, ಅಕ್ರಾದ್ದು, ಲಾಗೋಸ್‌ನದ್ದು.

ಆದ್ದರಿಂದ ಲಾಯ್ ಮೊಹಮ್ಮದ್ ಅವರಿಗೆ ಹಾಕಿದ ಪ್ರಶ್ನೆಗೆ ನಾನು ಉತ್ತರ ಕೊಡೋದಿಲ್ಲ. ನೈಜೀರಿಯಾ, ಘಾನಾದ ಸಹೋದ್ಯೋಗಿಗಳು ನಿಮ್ಮ ಆಫೀಸಿನಲ್ಲಿದ್ದರೆ ನೀವೂ ಕೊಡಬೇಡಿ, ಇಬ್ಬರ ಮನೆಯಲ್ಲೂ ಊಟ ಮಾಡಿ ಬನ್ನಿ. ಆದರೆ ಇನ್ನೊಮ್ಮೆ ಪೇಪರ್‌ನ ವಾಣಿಜ್ಯ ಪುಟದಲ್ಲಿ 'ನುಚ್ಚಕ್ಕಿ ರಫ್ತಿಗೆ ನಿರ್ಬಂಧ' ಅನ್ನೋ ನಾಲ್ಕು ಸಾಲಿನ ಸುದ್ದಿ ಕಂಡರೆ ಪುಟ ತಿರುಗಿಸುವ ಮೊದಲು ಒಂದು ಕ್ಷಣ ನಿಲ್ಲಿ. ಆ ವಾರ ಡಾಕಾರ್‌ನ ಯಾವುದೋ ಅಂಗಡಿಯಲ್ಲಿ ಒಬ್ಬಾಕೆ ಅಕ್ಕಿಯ ಬೆಲೆ ಕೇಳಿ, ಚೀಲ ತೆರೆದು, ಎಷ್ಟು ಜನರಿಗೆ ಎಷ್ಟು ಹಾಕಿದರೆ ಸಾಕು ಅಂತ ಮತ್ತೊಮ್ಮೆ ಲೆಕ್ಕ ಹಾಕುತ್ತಿರುತ್ತಾಳೆ.